ರೋಗಕ್ಕೆ ಗಜ್ಜರಿ

ಹಿರಿಯೂರು ಸಂತೆಯಲ್ಲಿ ಅರ್ಧ ಕೇಜಿ ಗಜ್ಜರಿ ಆರಿಸುತ್ತೇನೆ,
ಎಳೆಯವು, ನೆಟ್ಟಗಿನವು, ಕಲೆ ಇಲ್ಲದವು.
"ಹಲ್ವಾಕ್ಕೇನೇ ದ್ಯಾಮಕ್ಕ?" ಅಂತಿದ್ದಳು ಬೋರಮ್ಮ ಮೊದಮೊದಲು.
"ಇಲ್ಲ, ರೋಗಕ್ಕೆ."
ಈಗ ಅವಳಿಗೆ ರೂಢಿ. ಮೇಲೊಂದು ಹಾಕುತ್ತಾಳೆ:
"ಕೊಸರು. ನಿನ್ನ ರೋಗ ಸೊರಗದಿರಲಿ."

ತೆಂಗಿನ ನೆರಳಲ್ಲಿ ಕೋಕೋ, ಇನ್ನೂರ ಹನ್ನೆರಡು ಗಿಡ,
ಕಾಂಡಕ್ಕೇ ಕಚ್ಚಿದ ಕಾಯಿ.
ಮಾರಿಕಣಿವೆ ನೀರು ಕಾಲುವೆಯಲ್ಲಿ ಬಂದರೂ
ಗಾಳಿ ಒಣ; ಗುಡ್ಡದ ಮೇಲಿನ ಫ್ಯಾನುಗಳು
ಅದನ್ನೇ ಅರೆದು ಅರೆದು ಇನ್ನೂ ಒಣಗಿಸುವಂತೆ.
ಕಪ್ಪುಕಾಯಿ ರೋಗ ಇಲ್ಲಿಗೆ ತಾನಾಗಿ ಬಾರದು.
ಘಟ್ಟದ ಕಡೆಯಿಂದ ಬಾಟಲಿಯಲ್ಲಿ ಕರೆತಂದು
ಸಾಕಬೇಕು, ನಂಟರ ಮಗುವಿನ ಹಾಗೆ.

ಸಾಕುವವಳು ನಾನು.
ತುರಿದು, ಹಿಂಡಿ, ಸೋಸಿ, ಕುಕ್ಕರಿನಲ್ಲಿ ಕೂಗಿಸಿ
ಗಾಜಿನ ತಟ್ಟೆಗೆ ಸುರಿದರೆ ಹಲ್ವಾನೇ ಸರಿ.
ನಡುವೆ ಒಂದು ಚೂರು ರೋಗ ಇಡುತ್ತೇನೆ.
ದಿನ ಕಳೆದ ಹಾಗೆ ಬಿಳಿ ನೂಲು ಅಂಚು ಮುಟ್ಟುತ್ತದೆ.
ಆಮೇಲೆ ಫ್ರಿಜ್ಜಿನಲ್ಲಿ ಇಪ್ಪತ್ತು ನಿಮಿಷ ಚಳಿ,
ಮೇಜಿನ ಮೇಲೆ ಅರ್ಧ ಗಂಟೆ ಬಿಸುಪು,
ಎರಡು ಬಾಲದ ಮರಿಗಳು ಈಜುತ್ತವೆ
ಸೂಕ್ಷ್ಮದರ್ಶಕದಡಿ, ಶಾಲೆ ಬಿಟ್ಟ ಹೊತ್ತಿನ ಹಾಗೆ.
ಸುಳ್ಳು ಯಾಕೆ, ಚಂದ ಕಾಣುತ್ತವೆ.

ಎಲೆಯಿಂದ ಬಿಲ್ಲೆ ಕತ್ತರಿಸಿ, ಬೆನ್ನು ಮೇಲಾಗಿ
ಒದ್ದೆ ಸ್ಪಂಜಿನ ಮೇಲೆ ಸಾಲಾಗಿ ಜೋಡಿಸಿ
ಒಂದೊಂದಕ್ಕೆ ಒಂದೊಂದು ಹನಿ.
ಏಳನೇ ದಿನ ಲೆಕ್ಕ: ಕಲೆ ಇಲ್ಲದ್ದಕ್ಕೆ ಸೊನ್ನೆ,
ಪೂರ್ತಿ ಕೊಳೆತದ್ದಕ್ಕೆ ಐದು.
ನಮ್ಮ ಶಾಲೆಯಲ್ಲಿ ಸೊನ್ನೆ ತೆಗೆದದ್ದೇ ಜಾಣ.

ಹೋದ ವರ್ಷ ಎಲ್ಲಕ್ಕೂ ಸೊನ್ನೆ.
ಏಳನೇ ಸಾಲಿನ ಹತ್ತೊಂಬತ್ತು, ಅದರ ಅಕ್ಕಪಕ್ಕ,
ಬೇಲಿಯಂಚಿನ ಕುಂಟ ಗಿಡಕ್ಕೂ.
ದೊಡ್ಡ ಸಾಹೇಬರು ಪೇಡ ತರಿಸಿದರು,
ಏಳು-ಹತ್ತೊಂಬತ್ತರ ಕಾಂಡಕ್ಕೆ ಹಳದಿ ಪಟ್ಟಿ ಬಳಿಸಿದರು,
ತಳಿಗೊಂದು ಹೆಸರೂ ಯೋಚಿಸಿದರು.
ಫರ್ಹಾನಾ ಮೇಡಂ ಪೇಡ ಕೈಯಲ್ಲೇ ಹಿಡಿದು ನಿಂತಿದ್ದರು:
"ದ್ಯಾಮಕ್ಕ, ಗಿಡ ಗಟ್ಟಿಯಾಯಿತೋ,
ರೋಗವೇ ಮೆತ್ತಗಾಯಿತೋ?"

ಎದೆ ಧಸಕ್ಕೆಂದಿತು. ಮೂರು ವರ್ಷ
ತಟ್ಟೆಯಿಂದ ತಟ್ಟೆಗೆ, ಕೇಳುವ ಮೊದಲೇ ಬಡಿಸಿದ್ದೆ.
ಸಿಪ್ಪೆ ಸೀಳುವ ಕೆಲಸವಿಲ್ಲ, ಹಸಿವೆಂಬುದಿಲ್ಲ.
ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದಂತೆ;
ನನ್ನದು ಕೂತು ಉಂಡು ಹಲ್ಲು ಉದುರಿಸಿಕೊಂಡಿತ್ತು.

ಹಲ್ಲು ಬರಬೇಕಾದರೆ ಹಸಿ ಕಾಯಿ ಬೇಕು, ಜೀವ ಇರುವಂಥದ್ದು.
ಯಾವ ಗಿಡದ್ದು? ಮೇಡಂ ನನ್ನ ಮುಖ ನೋಡಿದರು.
ಹಳದಿ ಪಟ್ಟಿಯ ಬುಡಕ್ಕೆ ಹೋಗಿ
ನೆಟ್ಟಗಿನದು, ಕಲೆ ಇಲ್ಲದ್ದು ಆರಿಸಿ ಕೊಯ್ದೆ.
ಸೂಜಿಯಲ್ಲಿ ಚುಚ್ಚಿ, ಮೆತ್ತಿ, ಒದ್ದೆ ಬಟ್ಟೆ ಹೊದಿಸಿದೆ.
ಮೊದಲ ಕಾಯಿ ಎಂಟು ದಿನ ತಡೆಯಿತು.
ಅದರ ಕೊಳೆಯಿಂದ ಎರಡನೆಯದು, ಐದು ದಿನ.
ಮೂರನೆಯದು ಮೂರನೇ ಬೆಳಿಗ್ಗೆಗೇ
ಒಲೆ ಮೇಲಿನ ಮಡಕೆಯ ತಳ.

ಮತ್ತೆ ಬಿಲ್ಲೆ, ಮತ್ತೆ ಹನಿ.
ಏಳು-ಹತ್ತೊಂಬತ್ತು: ನಾಲ್ಕು.
ಇನ್ನೂರ ಹನ್ನೆರಡರಲ್ಲಿ ಉಳಿದದ್ದು ಒಂಬತ್ತು.
ಕುಂಟ ಗಿಡ ಅದರಲ್ಲಿರಲಿಲ್ಲ.
ಕತೆಯಲ್ಲಾದರೆ ಇರುತ್ತಿತ್ತು.

ಒಂಬತ್ತೂ ಅಂಥ ಚೆಲುವೆಯರೇನಲ್ಲ.
ಒಂದರ ಬೀಜ ಕಡಲೆಕಾಳಷ್ಟು. ಇನ್ನೊಂದು
ಮೈತುಂಬ ಹೂ ಬಿಟ್ಟು ಕಾಯಿ ಕಟ್ಟದು;
ತನ್ನ ಪರಾಗ ತನಗೇ ಒಲ್ಲದ ಜಾತಿ,
ಬೇರೆ ಗಿಡದ್ದನ್ನು ಚಿಮಟದಲ್ಲಿ ಒಯ್ದು ಒರೆಸಬೇಕು.
ಇವತ್ತು ಬಿಸಿಲೇರುವ ಮೊದಲು ಒರೆಸಿ,
ಕೊಳವೆ ಮುಚ್ಚಿ, ದಾರಕ್ಕೆ ಚೀಟಿ ಕಟ್ಟಿದೆ.
ತಂದೆ: ಏಳು-ಹತ್ತೊಂಬತ್ತು.
"ಅದೇ ಯಾಕೆ?" ಅಂದರು ಮೇಡಂ.
"ಕಾಯಿ ಚೆನ್ನಾಗಿ ಬಿಡುತ್ತಲ್ಲ" ಅಂದೆ.
ಮಿಕ್ಕಿದ್ದು ಹೇಳಲಿಲ್ಲ.

ಈಗ ಗಜ್ಜರಿ ಕಡಿಮೆ, ತಿಂಗಳಿಗೊಂದು ಕಾಯಿ ತಪ್ಪಿಸುವುದಿಲ್ಲ.
ಕೊಸರು ಬೇಡವೆಂದರೂ ಬೋರಮ್ಮ ಕೇಳಬೇಕಲ್ಲ.
ಆ ಒಂದನ್ನು ಸೆರಗಿನಲ್ಲಿ ಒರೆಸಿ
ಕಾಲುವೆ ದಾರಿಯಲ್ಲಿ ನಾನೇ ಕಚ್ಚುತ್ತೇನೆ.